ಗಿರಣಿ ಪಾರವ್ವ ರಾಣಿಯಾದ ದಿನ

ಮೂಡಲಗಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನಮ್ಮ ಅತ್ತೆ ಪಾರವ್ವನವರ ಬಗ್ಗೆ ಒಂದೇ ಮಾತು ಹೇಳುತ್ತಾರೆ: ಆಕೆ ಯಾರ ಮಾತನ್ನೂ ಕೇಳುವವಳಲ್ಲ. ಇಪ್ಪತ್ತಮೂರು ವರ್ಷದಿಂದ ಅವರ ಸೊಸೆಯಾಗಿರುವ ನಾನು, ದಾಕ್ಷಾಯಿಣಿ, ಈ ಮಾತಿಗೆ ಸಾಕ್ಷಿ. ಇಷ್ಟು ವರ್ಷದಲ್ಲಿ ಅವರು ನನ್ನ ಮಾತನ್ನು ಎದುರಾಡದೆ ಕೇಳಿದ್ದು ಒಂದೇ ಒಂದು ಸಲ. ಅದೂ ಎಲ್ಲಿ ಅಂತೀರಿ? ಕ್ರೊಯೇಷಿಯಾ ಎಂಬ ದೇಶದ ಸ್ಪ್ಲಿಟ್ ಎಂಬ ಊರಿನಲ್ಲಿ, ಹದಿನೇಳು ನೂರು ವರ್ಷಗಳ ಹಿಂದೆ ರೋಮಿನ ಚಕ್ರವರ್ತಿಯೊಬ್ಬ ಕಟ್ಟಿಸಿದ ಅರಮನೆಯ ಅಂಗಳದಲ್ಲಿ. ಯಾಕಾದರೂ ಕೇಳಿದರೋ ಎಂದು ಆ ಇಡೀ ಮಧ್ಯಾಹ್ನ ನಾನು ಹಣೆ ಚಚ್ಚಿಕೊಂಡೆ.

ಅತ್ತೆ ಹುಟ್ಟಿದ್ದು ಅಂಕಲಗಿಯಲ್ಲಿ. ಹದಿನೆಂಟಕ್ಕೆ ಮದುವೆಯಾಗಿ ಮೂಡಲಗಿಗೆ ಬಂದರು. ಮಾವ ಸೋಮಪ್ಪನವರದು ಹಿಟ್ಟಿನ ಗಿರಣಿ. ನನ್ನ ಗಂಡ ಲಕ್ಷ್ಮಣ ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾವ ತೀರಿಕೊಂಡರು. ಗಿರಣಿ ಮಾರಿಬಿಡು ಎಂದು ಬಂಧುಬಳಗವೆಲ್ಲ ಒಂದೇ ರಾಗ ಹಾಡಿತು. ದಿನಕರ್ಮ ಮುಗಿದ ಮರುದಿನವೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋಗಿ ಮೋಟಾರಿನ ಬಟನ್ ಒತ್ತಿದರು. ಅಲ್ಲಿಂದ ಮೂವತ್ತೈದು ವರ್ಷ ಆ ಗಿರಣಿ ಅವರ ಕೈಯಲ್ಲೇ ತಿರುಗಿತು. ಯಾರ ಮನೆಯ ಜೋಳದಲ್ಲಿ ಕಲ್ಲಿದೆ, ಯಾರು ಹೊಸ ಗೋಧಿಗೆ ಹುಳ ಹಿಡಿದ ಹಳೆಯದನ್ನು ಬೆರೆಸಿದ್ದಾರೆ ಎಂದು ಮುಷ್ಟಿಯಲ್ಲಿ ಹಿಡಿದೇ ಹೇಳಿಬಿಡುತ್ತಿದ್ದರು. ಹೇಳದೆ ಸುಮ್ಮನಿರುವ ಜಾಯಮಾನವೂ ಅವರದಲ್ಲ. ಅದಕ್ಕೇ ಜಗಳ. ಜಗಳ ಆಡಿ ಹೋದವರೇ ಮುಂದಿನ ವಾರ ಡಬ್ಬಿ ಹೊತ್ತು ಬರುತ್ತಿದ್ದರು, ಏಕೆಂದರೆ ಅವರು ಬೀಸಿದ ಹಿಟ್ಟಿನ ರೊಟ್ಟಿ ಹರಿಯುತ್ತಿರಲಿಲ್ಲ.

ಎಪ್ಪತ್ತು ತುಂಬಿದ ದಿನ ಗಿರಣಿಯ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. ಮಗನಿಗಲ್ಲ, ನನಗೆ. ಮಗ ಎದುರಿಗೇ ಕೂತಿದ್ದ. "ಇವನ ಕೈಯಾಗ ಕೊಟ್ಟರ ಗಿರಣಿ ತಿರಗೂದಿಲ್ಲ, ಇವನ ತಲಿ ತಿರಗತೈತಿ" ಎಂದರು. ಲಕ್ಷ್ಮಣ ನಕ್ಕ. ನಾನು ನಗಲಿಲ್ಲ. ಊರವರೆಲ್ಲ ಹಿಟ್ಟು ಮುಟ್ಟಿ ನೋಡಿ "ಪಾರವ್ವನ ಕೈ ಬ್ಯಾರೆ ಇತ್ತು ಬಿಡ್ರಿ" ಎನ್ನುವಾಗ ನಗು ಎಲ್ಲಿಂದ ಬರಬೇಕು ಹೇಳಿ.

ಇನ್ನು ಅರಮನೆಯ ಕಥೆ. ನನ್ನ ಮಗಳು ಕಾಜಲ್ ಗೋಕಾಕದಲ್ಲಿ ಬಿಎಸ್ಸಿ ಓದುತ್ತಾಳೆ. ಅವಳಿಗೆ ಒಂದು ಇಂಗ್ಲಿಷ್ ಧಾರಾವಾಹಿಯ ಹುಚ್ಚು. ರಾಜರು, ರಾಣಿಯರು, ಒಂದು ಕುರ್ಚಿಗಾಗಿ ಊರಿಗೆ ಊರೇ ಹೊಡೆದಾಡುವ ಕಥೆ. ಅಜ್ಜಿ ಪಕ್ಕದಲ್ಲಿ ಕೂತು ಅದನ್ನು ನೋಡಿಯೇ ನೋಡಿದರು. ಭಾಷೆ ತಿಳಿಯುತ್ತಿರಲಿಲ್ಲ, ಆದರೂ ಒಬ್ಬೊಬ್ಬರಿಗೂ ನಮ್ಮೂರವರ ಹೆಸರಿಟ್ಟುಕೊಂಡು ಯಾರ ತಪ್ಪು, ಯಾರ ಸರಿ ಎಂದು ತೀರ್ಪು ಕೊಡುತ್ತಿದ್ದರು. ಅದರಲ್ಲಿ ಬರುವ ಅರಮನೆ ಖರೆ ಐತೋ ಸುಳ್ಳೋ ಎಂದು ಒಂದು ದಿನ ಕೇಳಿದರು. ಖರೆ ಇದೆ, ಹೋಗಿ ನೋಡಬಹುದು ಎಂದಳು ಕಾಜಲ್. ಅಲ್ಲಿಗೆ ಮುಗಿಯಿತು. ಬೆಳಗಾವಿಯ ಟೂರಿನವರು ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಮೂವತ್ತು ಜನರನ್ನು ಯೂರೋಪಿಗೆ ಕರೆದೊಯ್ಯುತ್ತಾರೆ ಎಂದು ತಿಳಿದದ್ದೇ ತಡ, ಅತ್ತೆ ತಮ್ಮ ಮತ್ತು ನನ್ನ ಹೆಸರು ಬರೆಸಿಯೇ ಬಿಟ್ಟರು. ಗಿರಣಿ ಯಾರು ನೋಡಬೇಕು ಎಂದರೆ, ಹತ್ತು ದಿನ ಲಕ್ಷ್ಮಣನ ತಲೆ ತಿರುಗಲಿ ಎಂದರು. ಕಾಜಲ್‌ಗೆ ಪರೀಕ್ಷೆ. ಅವಳು ಬೇಡಿದ್ದು ಒಂದೇ: ಆ ಅರಮನೆಯ ಮೆಟ್ಟಿಲ ಮೇಲೆ ಅಜ್ಜಿಯ ಒಂದು ಫೋಟೋ.

ಇಲ್ಲಿ ಲಿಂಗದ ಮಾತು ಹೇಳಲೇಬೇಕು. ಅತ್ತೆ ಹುಟ್ಟಿದ ಐದನೇ ದಿನ ಅಂಕಲಗಿಯ ಮಠದ ಐನಾರು ಬಂದು ಕಟ್ಟಿದ ಇಷ್ಟಲಿಂಗ ಅವರ ಕೊರಳಲ್ಲಿದೆ. ನಮ್ಮ ಲಿಂಗಾಯತರಲ್ಲಿ ಹಾಗೆ ಕಟ್ಟಿದ ಲಿಂಗ ಕೊನೆಗೆ ಮಣ್ಣಿಗೂ ಜೊತೆಗೇ ಹೋಗಬೇಕು. ಮುಂಜಾನೆ ಅಂಗೈಯಲ್ಲಿಟ್ಟು ಪೂಜೆ ಮಾಡಬೇಕು, ತಿನ್ನುವುದನ್ನು ಮೊದಲು ಅದಕ್ಕೆ ಅರ್ಪಿಸಿ ಆಮೇಲೆ ಬಾಯಿಗೆ ಹಾಕಬೇಕು. ನೀರೂ ಹಾಗೆಯೇ. ಈಗ ಇದನ್ನೆಲ್ಲ ಬಿಟ್ಟವರೇ ಹೆಚ್ಚು, ನನ್ನನ್ನೂ ಸೇರಿಸಿ. ಅತ್ತೆ ಬಿಟ್ಟವರಲ್ಲ. ಕಣ್ಣಿನ ಆಪರೇಷನ್ನಿಗೆ ಅದನ್ನು ತೆಗೆದಿಡಿ ಎಂದ ಡಾಕ್ಟರಿಗೆ, ಹಾಗಾದರೆ ಕಣ್ಣು ನಿನ್ನ ಹತ್ತಿರವೇ ಇರಲಿ ಎಂದು ಮಂಚದಿಂದ ಇಳಿದು ಹೊರಟಿದ್ದರು. ಡಾಕ್ಟರು ಸೋತು, ಲಿಂಗ ಕೊರಳಲ್ಲಿರುವಂತೆಯೇ ಆಪರೇಷನ್ ಮಾಡಿದರು. ವಿಮಾನದಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ ಬೇಡವೆಂದು ಈ ಸಲ ಅದನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಗಂಟು ಹಾಕಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

ಸ್ಪ್ಲಿಟ್ ತಲುಪಿದ್ದು ಪ್ರವಾಸದ ಆರನೇ ದಿನ. ಅರಮನೆ ಅಂದರೆ ನಾನು ನಮ್ಮ ಮೈಸೂರಿನದರಂತೆ ಹಗ್ಗ ಕಟ್ಟಿ, ಚಪ್ಪಲಿ ಬಿಡಿಸಿ ಒಳಗೆ ಬಿಡುತ್ತಾರೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಅರಮನೆಯ ಗೋಡೆಯೊಳಗೆ ಒಂದು ಊರೇ ಇದೆ. ರಾಜನ ಗೋಡೆಗೇ ಆತು ಮನೆ ಕಟ್ಟಿಕೊಂಡಿದ್ದಾರೆ, ಕಿಟಕಿಯಿಂದ ಕಿಟಕಿಗೆ ತಂತಿ ಎಳೆದು ಪರಕರ, ಚಾದರ ಒಣಹಾಕಿದ್ದಾರೆ. ಅತ್ತೆಗೆ ಇದು ಬಹಳ ಸೇರಿತು. ನೆಲಮಾಳಿಗೆಯಲ್ಲಿ ಎಣ್ಣೆ ತೆಗೆಯುವ ಹಳೆಯ ಕಲ್ಲೊಂದಿತ್ತು. ಅದರ ಮುಂದೆ ಕಾಲು ಗಂಟೆ ನಿಂತು, ಇದಕ್ಕೆ ಯಾರೂ ಸರಿಯಾಗಿ ಉಳಿ ಹಾಕಿಸಿ ಹಲ್ಲು ಮಾಡಿಸಿಲ್ಲ, ಎಣ್ಣೆ ಅರ್ಧ ಹಿಂಡಿಯಲ್ಲೇ ಉಳಿದಿರುತ್ತದೆ ಎಂದು ರೋಮಿನವರಿಗೂ ಬೈದರು.

ನಮ್ಮ ಟೂರ್ ಮ್ಯಾನೇಜರ್ ಶುಭಮ್ ಬೆಳಗಾವಿಯವನು, ಎರಡು ಮಕ್ಕಳ ತಂದೆ, ಮೂವತ್ತು ಜನರ ಪಾಸ್‌ಪೋರ್ಟು ಹೊತ್ತು ಹೊತ್ತು ಅರ್ಧ ಬೆನ್ನು ಬಾಗಿದ್ದ. ಈ ಚಕ್ರವರ್ತಿ ತಾನಾಗಿಯೇ ಪಟ್ಟ ಬಿಟ್ಟು ಇಲ್ಲಿಗೆ ಬಂದು ತೋಟದಲ್ಲಿ ಎಲೆಕೋಸು ಬೆಳೆದುಕೊಂಡಿದ್ದ, ತಿರುಗಿ ಬಾ ಎಂದು ಕರೆದರೂ ಹೋಗಲಿಲ್ಲ ಎಂದು ಅವನು ವಿವರಿಸಿದ. ಮನುಷ್ಯ ಶಾಣ್ಯಾ ಇದ್ದ ಎಂದರು ಅತ್ತೆ.

ಧಾರಾವಾಹಿ ಚಿತ್ರೀಕರಿಸಿದ ಜಾಗ ನೋಡಲು ಬಂದವರೇ ಅಲ್ಲಿ ಅರ್ಧ ಜನ. ಕಂಬಗಳ ಸಾಲಿನ ನಡುವಿನ ಅಂಗಳದಲ್ಲಿ ಅಗಲವಾದ ಮೆಟ್ಟಿಲುಗಳಿವೆ. ಪಕ್ಕದ ಓಣಿಯ ಬಾಯಲ್ಲಿ ಒಬ್ಬ ಹೆಂಗಸು ಅಂಗಡಿ ಇಟ್ಟುಕೊಂಡು ರಾಣಿಯ ನಿಲುವಂಗಿ, ಕಿರೀಟ ಬಾಡಿಗೆಗೆ ಕೊಡುತ್ತಿದ್ದಳು. ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದು. ನನಗೆ ಎಲ್ಲಿಂದ ಹುಮ್ಮಸ್ಸು ಬಂತೋ ಕಾಣೆ. ವಿಡಿಯೋ ಕಾಲಿನಲ್ಲಿ ಕಾಜಲ್ ಕಿರುಚುತ್ತಿದ್ದಳು, ನಾನು ಅತ್ತೆಯ ಮೇಲೆ ಕೆಂಪು ನಿಲುವಂಗಿ ಹೊದಿಸಿ, ತಲೆಯ ಮೇಲೆ ಕಿರೀಟ ಇಟ್ಟು ಬಿದ್ದು ಬಿದ್ದು ನಗುತ್ತಿದ್ದೆ. ಕೊರಳ ಹತ್ತಿರ ಮಾತ್ರ ಗುಂಡಿ ಹತ್ತುತ್ತಿರಲಿಲ್ಲ. ಲಿಂಗದ ಗಂಟು ಉಬ್ಬಿ ನಿಂತಿತ್ತು.

"ಅತ್ತಿ, ಎರಡ ನಿಮಿಷ ಅದನ್ನ ತಗದ ಇಡ್ರಿ" ಎಂದೆ. "ಫೋಟೋದಾಗ ಗಂಟ ಕಾಣಾಕತ್ತೈತಿ."

ಅವರು ನನ್ನ ಮುಖ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿಯೇ ಇದ್ದೆ. ಅವರು ದಾರವನ್ನು ತಲೆಯ ಮೇಲಿಂದ ಎತ್ತಿ ತೆಗೆದರು. ಇನ್ನೊಬ್ಬರ ಕೈಗೆ ಲಿಂಗ ಕೊಡುವಂತಿಲ್ಲ, ಕೆಳಗೆ ಇಡುವಂತಿಲ್ಲ. ನಿಲುವಂಗಿಯ ಒಳಗೆ ಒಂದು ಕಿಸೆ ಇತ್ತು. ಮೈಮೇಲೇ ಇರಲಿ ಎಂದು ಅದರೊಳಗೆ ಇಟ್ಟುಕೊಂಡರು. ಫೋಟೋ ಬಹಳ ಚೆನ್ನಾಗಿ ಬಂತು, ಅದನ್ನು ಸುಳ್ಳು ಹೇಳಲಾರೆ.

ಇಳಿಯುವಾಗ ಯಾರದೋ ಬೂಟು ನಿಲುವಂಗಿಯ ಅಂಚಿನ ಮೇಲೆ ಬಿದ್ದು ಪರ್ರನೆ ಹರಿಯಿತು. ಅಂಗಡಿಯವಳ ಮುಖ ಕೆಟ್ಟಿತು. ನಾನು ಸಾರಿ ಸಾರಿ ಎನ್ನುತ್ತ ಅತ್ತೆಯ ಮೈಯಿಂದ ನಿಲುವಂಗಿ ಕಳಚಿ ಕೊಟ್ಟೆ. ಅಷ್ಟರಲ್ಲಿ ಡೋಲು ಬಾರಿಸಿಕೊಂಡು ರೋಮನ್ ಸೈನಿಕರ ವೇಷದವರು ಬಂದರು, ಬನ್ನಿ ಬನ್ನಿ ಎಂದು ಶುಭಮ್ ಕರೆದ, ಎಲ್ಲರೂ ಓಡಿದೆವು.

ಒಂದು ಗಂಟೆಗೆ ಅರಮನೆಯ ಹೊರಗೆ ಸಮುದ್ರದ ದಂಡೆಯ ನೆರಳಿನಲ್ಲಿ ಊಟಕ್ಕೆ ಕೂತೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅತ್ತೆ ರೊಟ್ಟಿ ಮುರಿದು ಎಡಗೈಯನ್ನು ಎದೆಗೆ ಒಯ್ದರು. ಕೈ ಅಲ್ಲೇ ನಿಂತಿತು.

"ದಾಕ್ಷಿ, ಲಿಂಗ ಆ ಅಂಗ್ಯಾಗ ಉಳೀತು" ಎಂದರು, ಬಹಳ ಮೆಲ್ಲಗೆ.

ಶುಭಮ್‌ನನ್ನು ಎಳೆದುಕೊಂಡು ಓಡಿದೆ. ಅಂಗಡಿಗೆ ಬೀಗ. ಪಕ್ಕದ ಐಸ್‌ಕ್ರೀಮಿನವನನ್ನು ಶುಭಮ್ ಇಂಗ್ಲಿಷಿನಲ್ಲಿ ವಿಚಾರಿಸಿದ. ಅವಳು ಊಟಕ್ಕೆ ಹೋಗಿದ್ದಾಳೆ, ನಾಲ್ಕಕ್ಕೆ ಬರುತ್ತಾಳೆ, ಫೋನ್ ನಂಬರು ಗೊತ್ತಿಲ್ಲ ಎಂದ. ನಮ್ಮ ಬಸ್ಸು ಐದಕ್ಕೆ ಹೊರಡಬೇಕು, ರಾತ್ರಿ ಇನ್ನೊಂದು ಊರಿನಲ್ಲಿ ಕೋಣೆ ಬುಕ್ ಆಗಿದೆ. ಶುಭಮ್ ಕೈಗಡಿಯಾರ ನೋಡಿಕೊಂಡ.

ಅತ್ತೆ ಮೆಟ್ಟಿಲ ಮೇಲೆ ಬಂದು ಕೂತರು. ಲಿಂಗ ಸಿಗುವವರೆಗೆ ಅನ್ನವಿಲ್ಲ, ನೀರಿಲ್ಲ ಎಂದರು. ಮುಂಜಾನೆ ಏಳಕ್ಕೆ ಒಂದು ಕಪ್ ಚಹಾ ಕುಡಿದ ಜೀವ. ಬೇಸಿಗೆಯ ಬಿಸಿಲು, ಬಿಳಿ ಕಲ್ಲು ಕಾದು ಬೆಂಕಿಯಾಗಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಮಹಾಂತೇಶ ಕಾಕಾ ನಮ್ಮ ಗುಂಪಿನಲ್ಲೇ ಹಿರಿಯರು, ನಮ್ಮವರೇ. ಅವರು ಕರದಂಟಿನ ಡಬ್ಬಿ ತೆಗೆದು ಮುಂದೆ ಹಿಡಿದರು. ಊರಿಗೆ ಹೋದ ಮೇಲೆ ಮಠದಲ್ಲಿ ಹೊಸ ಲಿಂಗ ಕಟ್ಟಿಸಿಕೊಂಡರಾಯಿತು, ಈಗ ಒಂದು ತುಂಡು ಬಾಯಿಗೆ ಹಾಕಿಕೋ ತಂಗಿ ಎಂದರು. ಅತ್ತೆ ತಲೆ ಅಲ್ಲಾಡಿಸಿದರು. ಕಾಕಾಗೆ ಸಿಟ್ಟು ಬಂತು. ಒಬ್ಬರ ಹಟಕ್ಕೆ ಮೂವತ್ತು ಜನ ಬಿಸಿಲಲ್ಲಿ ಸಾಯಬೇಕೇನು ಎಂದು ಗೊಣಗುತ್ತ ಹೋದರು.

ನನಗೂ ಸಿಟ್ಟು ಬಂದಿತ್ತು. ಕಾಕಾನ ಮೇಲೆ, ಊಟಕ್ಕೆ ಬೀಗ ಹಾಕಿ ಹೋಗುವ ಆ ಊರಿನ ಮೇಲೆ, ಕುರ್ಚಿಗಾಗಿ ಬಡಿದಾಡುವ ಆ ಸುಡುಗಾಡು ಧಾರಾವಾಹಿಯ ಮೇಲೆ. ಎಲ್ಲರ ಮೇಲೂ ಆದ ಮೇಲೆ ಕೊನೆಗೆ ನನ್ನ ಮೇಲೆ. ಎಪ್ಪತ್ತು ವರ್ಷದಲ್ಲಿ ಯಾರಿಗೂ ಕೊರಳಿಂದ ತೆಗೆಸಲಾಗದ್ದನ್ನು ಒಂದು ಫೋಟೋಕ್ಕಾಗಿ ತೆಗೆಸಿದವಳು ನಾನು. ಈ ಲಿಂಗ ಸಿಗದೆ ಹೋದರೆ ಇನ್ನು ಯಾವ ಮುಖ ಇಟ್ಟುಕೊಂಡು ಆ ಮನೆಯಲ್ಲಿ ಓಡಾಡಲಿ? ಬಾಯಾರಿ ಬಾಟಲಿಯ ಮುಚ್ಚಳ ತೆಗೆದೆ. ಪಕ್ಕದಲ್ಲಿ ಅವರ ತುಟಿ ಒಣಗಿ ಬಿರಿದಿದ್ದವು. ಮುಚ್ಚಳ ಹಾಕಿ ಬಾಟಲಿಯನ್ನು ಚೀಲಕ್ಕೆ ಸೇರಿಸಿದೆ.

ಎರಡೂವರೆಗೆ ಲಕ್ಷ್ಮಣನ ಫೋನು ಬಂತು. ಕಾಕಾ ಆಗಲೇ ಫೋನಿನಲ್ಲಿ ಊರಿಗೆಲ್ಲ ಡಂಗುರ ಹೊಡೆದಿದ್ದರು. ತಾಯಿಯ ಕೈಗೆ ಫೋನು ಕೊಡು ಎಂದ. ಸ್ಪೀಕರ್ ಹಾಕಿ ಕೊಟ್ಟೆ. ಎಂಥಾ ಹೊತ್ತಿನಲ್ಲೂ ತೆಗೆಯದವರು ಹೇಗೆ ತೆಗೆದಿರಿ, ಯಾರು ತೆಗೆಯಲು ಹೇಳಿದರು ಎಂದು ಕೇಳಿದ. ನಾನು ನೆಲ ನೋಡಿದೆ.

"ಯಾರೂ ಹೇಳಿಲ್ಲೋ. ನಾನ ಮೈಮರತ ಇಟ್ಟ ಬಂದ್ನಿ" ಎಂದರು ಅತ್ತೆ. ಗಿರಣಿಯ ಬೆಲ್ಟಿಗೆ ಎಣ್ಣೆ ಹಾಕಿದೆಯಾ ಎಂದು ಕೇಳಿ ಫೋನು ಇಟ್ಟರು.

ಇಪ್ಪತ್ತಮೂರು ವರ್ಷದಲ್ಲಿ ನನ್ನ ಒಂದು ತಪ್ಪನ್ನೂ ಬಿಡದೆ ಎತ್ತಿ ಆಡಿದ ಹೆಂಗಸು ಇವರು. ಉಪ್ಪು ಹೆಚ್ಚಾದದ್ದು, ಹಾಲು ಉಕ್ಕಿದ್ದು, ಯಾವುದನ್ನೂ ಬಿಟ್ಟಿಲ್ಲ. ನನಗೆ ತಡೆಯಲಾಗಲಿಲ್ಲ. ಯಾಕೆ ಸುಳ್ಳು ಹೇಳಿದಿರಿ, ತಪ್ಪು ನನ್ನದು, ನೀವಾದರೂ ನನ್ನ ಮಾತು ಯಾಕೆ ಕೇಳಿದಿರಿ, ಯಾರ ಮಾತೂ ಕೇಳದವರು ಎಂದು ಅತ್ತೇಬಿಟ್ಟೆ. ಸುತ್ತ ಫೋಟೋ ತೆಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಇನ್ನಷ್ಟು ಜೋರಾಗಿ ಅಳತೊಡಗಿದೆ.

ಅವರು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. "ನೀ ನಗಾಕತ್ತಿದ್ದಿ" ಎಂದರು. "ಗಿರಣಿ ನಿನ್ನ ಕೈಗೆ ಬಂದ ಮ್ಯಾಲ ನೀ ಹಂಗ ನಕ್ಕದ್ದ ನಾ ನೋಡಿದ್ದಿಲ್ಲ. ಒಲ್ಲೆ ಅನ್ನಾಕ ಮನಸ ಬರಲಿಲ್ಲ."

ನಾನು ಅವರ ಪಕ್ಕಕ್ಕೆ ಸರಿದು, ಬಿಸಿಲು ಬೀಳದಂತೆ ನನ್ನ ಸೆರಗನ್ನು ಅವರ ತಲೆಯ ಮೇಲೆ ಹಿಡಿದು ಕೂತೆ. ಮೂರೂವರೆಯ ಹೊತ್ತಿಗೆ ಅವರ ಬೆರಳು ನಡುಗತೊಡಗಿದವು. ಶುಭಮ್ ಹಣ್ಣಿನ ರಸ ತಂದು ಮುಂದಿಟ್ಟು, ಆಯಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದ. ಬೀಳಪ್ಪ, ಆದರೆ ರಸ ಮಾತ್ರ ಬೇಡ ಎಂದರು.

ನಾಲ್ಕಕ್ಕೆ ಬರಬೇಕಾದ ಅಂಗಡಿಯವಳು ಬಂದದ್ದು ನಾಲ್ಕೂ ಹತ್ತಕ್ಕೆ. ಶುಭಮ್ ಹೇಳಿದ್ದನ್ನು ಕೇಳಿ, ಆ ನಿಲುವಂಗಿ ಇಲ್ಲಿಲ್ಲ ಎಂದಳು. ಅಂಚು ಹರಿದಿತ್ತಲ್ಲ, ಹೊಲಿಯಲು ಅಮ್ಮನಿಗೆ ಕೊಟ್ಟಿದ್ದೇನೆ. ಅಮ್ಮ ಎಲ್ಲಿ ಎಂದರೆ ತಲೆಯೆತ್ತಿ ಮೇಲೆ ತೋರಿಸಿದಳು. ರಾಜನ ಗೋಡೆಯ ಮೇಲೆ ಚಾದರ ಒಣಗುತ್ತಿದ್ದ ಮೂರನೆಯ ಅಂತಸ್ತಿನ ಕಿಟಕಿ. ಕಿಸೆಯಲ್ಲಿ ಏನಿತ್ತೋ ತಾನು ನೋಡಿಲ್ಲ, ಅಮ್ಮ ಫೋನು ಎತ್ತುವುದಿಲ್ಲ, ಕಿವಿ ಮಂದ, ಹತ್ತಿ ಹೋಗಿ ನೋಡಿ ಎಂದಳು.

ನಾನು ಹೋಗಿ ತರುತ್ತೇನೆ, ನೀವು ಕೂತಿರಿ ಎಂದೆ. ಅತ್ತೆ ಆಗಲೇ ಎದ್ದು ನಿಂತಿದ್ದರು. ಇನ್ನೊಬ್ಬರ ಕೈಯಲ್ಲಿ ತರಿಸುವ ವಸ್ತುವಲ್ಲ ಅದು. ಒಬ್ಬರೇ ಹತ್ತುವಷ್ಟು ಅಗಲದ ಕಲ್ಲಿನ ಮೆಟ್ಟಿಲು. ಶುಭಮ್ ಮುಂದೆ, ಅತ್ತೆ ನಡುವೆ, ಹಿಂದೆ ಬಿದ್ದರೆ ಹಿಡಿಯಲು ನಾನು. ಎರಡನೆಯ ಅಂತಸ್ತಿನಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತರು. ಅವರ ಬೆನ್ನಿಗೆ ನನ್ನ ಎರಡೂ ಕೈ ಕೊಟ್ಟೆ. ಬಸವಾ, ಇದೊಂದು ಸಲ ನನ್ನ ಮಾನ ಕಾಯಿ ಎಂದು ಬೇಡಿಕೊಂಡೆ. ಅವರು ಮತ್ತೆ ಹತ್ತಿದರು.

ಮೇಲಿನ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅತ್ತೆಯ ವಯಸ್ಸಿನದೇ ಒಬ್ಬ ಮುದುಕಿ, ದಪ್ಪ ಕನ್ನಡಕ, ಮುಂದೆ ಹೊಲಿಗೆ ಯಂತ್ರ, ಅದರ ಮೇಲೆ ಕೆಂಪು ನಿಲುವಂಗಿ. ನಮ್ಮನ್ನು ನೋಡಿ ಆಕೆ ಗಾಬರಿಯಾಗಲಿಲ್ಲ. ಅತ್ತೆಯ ಹಣೆಯ ವಿಭೂತಿ ನೋಡಿದಳು, ಬರಿಯ ಕೊರಳು ನೋಡಿದಳು. ಎದ್ದು ಹೋಗಿ ಕಪಾಟಿನಿಂದ ಒಂದು ಬಿಳಿ ಬಟ್ಟಲು ತಂದಳು. ಬಟ್ಟಲಿನಲ್ಲಿ ಅತ್ತೆಯ ಗಂಟು. ನಾಲ್ಕು ಗಂಟುಗಳೂ ಹಾಕಿದ ಹಾಗೇ ಇದ್ದವು. ಆಕೆ ಏನೋ ಹೇಳಿದಳು. ಅವರ ಭಾಷೆಯಲ್ಲಿ ಶುಭಮ್‌ಗೆ ನಾಲ್ಕು ಪದ ಬರುತ್ತಿತ್ತು, ಉಳಿದದ್ದನ್ನು ಫೋನಿಗೆ ಹೇಳಿಸಿ ಓದಿದ. ಇಷ್ಟು ಗಂಟು ಹಾಕಿದವರು ಇದನ್ನು ಹುಡುಕಿಕೊಂಡು ಬಂದೇ ಬರುತ್ತಾರೆ ಎಂದು ಗೊತ್ತಿತ್ತು, ಅದಕ್ಕೇ ಬಿಚ್ಚಲಿಲ್ಲ, ಬಾಗಿಲನ್ನೂ ಹಾಕಲಿಲ್ಲ ಎಂದಳಂತೆ.

ಅತ್ತೆ ಗಂಟನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಮಾವ ಹೋದ ದಿನದ ಕಥೆ ಹೇಳುವಾಗಲೂ ಅಳದ ಹೆಂಗಸು, ಪರದೇಶದ ಆ ಅಡುಗೆಮನೆಯಲ್ಲಿ ನಿಂತು ಅತ್ತರು. ಮುದುಕಿ ಅವರ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಕೈ ತೊಳೆಯಲು ನೀರು ಬೇಕು ಎಂದು ಅತ್ತೆ ಸನ್ನೆ ಮಾಡಿದರು, ಆಕೆ ನಲ್ಲಿ ಬಿಟ್ಟಳು. ಆಮೇಲೆ ಲಿಂಗವನ್ನು ಬಿಚ್ಚಿ, ನೀರೆರೆದು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿಟ್ಟುಕೊಂಡು ಅತ್ತೆ ಪೂಜೆಗೆ ಕೂತರು. ಮುದುಕಿ ಹೊಲಿಗೆ ಯಂತ್ರ ನಿಲ್ಲಿಸಿ, ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಎದುರಿಗೆ ಕೂತಳು.

ಶುಭಮ್‌ನ ಫೋನು ಹೊಡೆದುಕೊಂಡಿತು. ಐದಾಗಿತ್ತು. ಲಿಂಗ ಸಿಕ್ಕಿತು, ಪೂಜೆ ನಡೆದಿದೆ ಎಂದು ಅವನು ಬಸ್ಸಿನವರಿಗೆ ಆಗಲೇ ತಿಳಿಸಿದ್ದ. ಅವನು ಹೊರಗೆ ಹೋಗಿ ಮಾತಾಡಿ, ನಗುತ್ತ ಒಳಗೆ ಬಂದ. ಡ್ರೈವರ್ ಹೊರಡೋಣ ಎಂದದ್ದಕ್ಕೆ ಮಹಾಂತೇಶ ಕಾಕಾ ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರಂತೆ. ಪಾರವ್ವನ ಪೂಜೆ ಮುಗಿಯದೆ ಏಳುವುದಿಲ್ಲ ಎನ್ನುತ್ತಿದ್ದಾರಂತೆ.

ಪೂಜೆ ಮುಗಿಯಿತು. ಅತ್ತೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡರು. ಮುದುಕಿ ದೊಡ್ಡ ಗ್ಲಾಸಿನ ತುಂಬ ತಣ್ಣೀರು ತಂದು ಅವರ ಕೈಗೆ ಕೊಟ್ಟಳು. ಅತ್ತೆ ಅದನ್ನು ಎದೆಯ ಹತ್ತಿರ ಹಿಡಿದು ಲಿಂಗಕ್ಕೆ ಅರ್ಪಿಸಿದರು, ತುಟಿಯವರೆಗೆ ತಂದರು, ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ಚಾಚಿದರು.

"ಮೊದಲ ನೀ ಕುಡಿ" ಎಂದರು. "ಮಧ್ಯಾನ ಒಂದ ಗಂಟೇಲಿಂದ ನಿನ್ನ ಬಾಟ್ಲಿ ತುಂಬಿದ್ದ ತುಂಬಿದಂಗ ಐತಿ. ನಾ ಏನ ಕುರುಡಿ ಅಲ್ಲ."

ನಾನು ಬೇಡವೆಂದೆ. ಅವರು ಗ್ಲಾಸು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆಯ ಹಟದ ಎದುರು ಎಷ್ಟು ಹೊತ್ತು ನಿಲ್ಲಲಾದೀತು? ಅರ್ಧ ಕುಡಿದು ಅವರ ಕೈಗೆ ಕೊಟ್ಟೆ. ಮನೆಯಲ್ಲಿ ನನ್ನ ತಟ್ಟೆಯ ಚಮಚ ತಮ್ಮ ತಟ್ಟೆಗೆ ತಗುಲಿದರೂ ಎಂಜಲೆಂದು ತೊಳೆಸುತ್ತಿದ್ದ ನಮ್ಮ ಅತ್ತೆ, ಉಳಿದ ಅರ್ಧವನ್ನು ಗ್ಲಾಸಿಗೆ ಬಾಯಿಟ್ಟು ಒಂದೇ ಉಸಿರಿಗೆ ಕುಡಿದು ಮುಗಿಸಿದರು.